ಮಬ್ಬು ಬೆಳಕಿನ ಲೆಕ್ಕ: ಹೊಲದ ಕಾವಲಿಗೆ ಕಡಿಮೆ ಬೆಲೆಯ ದುರ್ಬೀನು

ಮೆಕ್ಕೆಜೋಳ ಹಾಲುಗಾಳಿಗೆ ಬಂತೆಂದರೆ ಕಾಡಂಚಿನ ಊರುಗಳಲ್ಲಿ ರಾತ್ರಿ ಕಾವಲು ಶುರು. ಜಗಳೂರಿನ ಕುರುಚಲು ಗುಡ್ಡಗಳ ಮಗ್ಗುಲಿರಲಿ, ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಕಾಡಿಗೆ ತಾಗಿದ ಹೊಲಗಳಿರಲಿ, ಹಂದಿ ಹಿಂಡು ಒಂದು ರಾತ್ರಿ ಇಳಿದರೆ ತಿಂದದ್ದಕ್ಕಿಂತ ತುಳಿದು ಉರುಳಿಸಿದ್ದೇ ಹೆಚ್ಚಾಗಿರುತ್ತದೆ. ಹಾಗಾಗಿ ದೂರ ತೋರಿಸುವ ಗಾಜುಗಳ ಮಾತೆತ್ತಿದಲ್ಲೆಲ್ಲ ರೈತರು ಕೇಳುವ ಮೊದಲ ಪ್ರಶ್ನೆ: ಹಂದಿ ಹೊಡೆಯಲು ಬಂದೂಕಿಗೆ ಕೂರಿಸುವ ಸ್ಕೋಪು ಕಡಿಮೆ ಬೆಲೆಗೆ ಯಾವುದು ಒಳ್ಳೆಯದು? ಎರಡನೆಯದು: ಅದು ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ? ಮೊದಲನೆಯದಕ್ಕೆ ಉತ್ತರ ಚಿಕ್ಕದು. ಎರಡನೆಯದರಲ್ಲಿ ಈ ಅಧ್ಯಾಯದ ತಿರುಳೇ ಇದೆ.

ಬಂದೂಕು, ಪರವಾನಗಿ, ಅನುಮತಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಬೇಟೆ ಅಪರಾಧ. ಉರುಳು ಹಾಕುವುದು, ವಿಷ ಇಡುವುದು ಕೂಡ ಬೇಟೆಯೇ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಹೊಲಕ್ಕೆ ಬರುವ ನವಿಲು, ಕೃಷ್ಣಮೃಗ ಮೊದಲನೇ ಅನುಸೂಚಿಯಲ್ಲಿವೆ. ಎರಡನೇ ಅನುಸೂಚಿಯ ಪ್ರಾಣಿ ನಿಂತ ಬೆಳೆಗೆ ಅಪಾಯ ತಂದಾಗ ಅದನ್ನು ಕೊಲ್ಲಲು ಅಪ್ಪಣೆ ಕೊಡಬಲ್ಲವರು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ. ಅದೂ ಕಾರಣಗಳ ಸಹಿತ, ಲಿಖಿತವಾಗಿ.

ಬೆಳೆ ರಕ್ಷಣೆಗೆಂದು ಬಂದೂಕಿನ ಪರವಾನಗಿ ಇರುವವರು ಇಲ್ಲೇ ಎಡವುವುದು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಸಿಗುವ ಆ ಕಾಗದ ಬಂದೂಕು ಇಟ್ಟುಕೊಳ್ಳಲು ಮಾತ್ರ. ಪ್ರಾಣಿಯನ್ನು ಹೊಡೆಯಲು ಬೇಕಾದ ಅಪ್ಪಣೆ ಬೇರೆ. ಜೊತೆಗೆ, ಆ ಕಾಯ್ದೆ ಬೆಳೆ ರಕ್ಷಣೆಗೆ ಹೇಳುವುದು ಮದ್ದು ತುಂಬುವ ಕೋವಿಯನ್ನು, ಅದು ಸಾಲದಿದ್ದರೆ ಒಳಮೈ ನುಣುಪಾದ ನಳಿಗೆಯ ಬೇರೆ ಬಂದೂಕನ್ನು. ರೈಫಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಗುಂಡು ಗಿರಗಿರನೆ ತಿರುಗುತ್ತ ನೇರ ಸಾಗುವುದು ಅವುಗಳಿಂದ. ನುಣುಪು ನಳಿಗೆಯಿಂದ ಹೊರಟ ಚರೆ ಚದುರುತ್ತದೆ, ಒಂಟಿ ಗುಂಡು ದೂರ ಹೋದಂತೆ ದಾರಿ ತಪ್ಪುತ್ತದೆ. ಅದರ ಮೇಲೆ ಸ್ಕೋಪು ಕೂರಿಸಿದರೆ ದುಡ್ಡು ದಂಡ.

ನಮ್ಮ ರೈತನಿಗೆ ನಿಜಕ್ಕೂ ನೆರವಾಗುವುದು ಕೈಯಲ್ಲಿ ಹಿಡಿಯುವ ದುರ್ಬೀನು. ಅದಕ್ಕೆ ಪರವಾನಗಿ ಬೇಡ. ಹೊಲದ ಅಂಚಿಗೆ ಬಂದದ್ದು ಹಂದಿಯೋ, ಪಕ್ಕದೂರಿನ ದನವೋ, ಬೇಲಿ ಹುಡುಕುತ್ತಿರುವ ಮನುಷ್ಯನೋ ಎಂದು ಅದು ಹೊತ್ತಿಗೆ ಸರಿಯಾಗಿ ಹೇಳುತ್ತದೆ. ಹಿಂಡು ಯಾವ ಕಡೆಯಿಂದ ನುಗ್ಗುತ್ತದೆಂದು ಗೊತ್ತಾದರೆ ಬೇಲಿ ಎಲ್ಲಿ ಬಿಗಿ ಮಾಡಬೇಕೆಂಬುದೂ ಗೊತ್ತಾಗುತ್ತದೆ.

ಎರಡು ಅಂಕಿಗಳು

ದುರ್ಬೀನಿನ ಮೈಮೇಲೆ 8×40 ಎಂದೋ 10×25 ಎಂದೋ ಬರೆದಿರುತ್ತದೆ. ಮೊದಲ ಅಂಕಿ, ನೋಟ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು. ಎರಡನೆಯದು, ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರುಗಳಲ್ಲಿ. ಬಂದೂಕಿನ ಸ್ಕೋಪಿಗೂ ಇದೇ ಭಾಷೆ: 3-9×40 ಎಂದರೆ 3ರಿಂದ 9 ಪಟ್ಟಿನವರೆಗೆ ತಿರುಗಿಸಬಹುದಾದ, 40 ಮಿ.ಮೀ. ಗಾಜಿನದು. ವ್ಯಾಖ್ಯೆ ಇಷ್ಟೇ. ಅಂಗಡಿಗೆ ಹೋದವರು ಮೊದಲ ಅಂಕಿಯನ್ನೇ ನೋಡಿ ಕೊಳ್ಳುತ್ತಾರೆ. ಕಾವಲಿಗೆ ಮುಖ್ಯವಾದದ್ದು ಎರಡನ್ನೂ ಭಾಗಿಸಿದಾಗ ಸಿಗುವ ಮೂರನೆಯ ಅಂಕಿ.

ಬೆಳಕಿನ ಬಿಲ್ಲೆ

ದುರ್ಬೀನನ್ನು ತೋಳಿನಷ್ಟು ದೂರ ಹಿಡಿದು, ಸೂರ್ಯ ಇಲ್ಲದ ಕಡೆಯ ಆಕಾಶಕ್ಕೆ ತಿರುಗಿಸಿ, ಕಣ್ಣಿಡುವ ಗಾಜನ್ನು ನೋಡಿ. ಅದರ ನಡುವೆ ಒಂದು ಪುಟ್ಟ ಬಿಳಿ ಬಿಲ್ಲೆ ಕಾಣುತ್ತದೆ. ಮುಂದಿನ ಗಾಜು ಹಿಡಿದ ಬೆಳಕೆಲ್ಲ ನಿಮ್ಮ ಕಣ್ಣಿಗೆ ಬರುವುದು ಆ ಬಿಲ್ಲೆಯಿಂದಲೇ. ಅದರ ಅಗಲ ತಿಳಿಯಲು ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ: 8×40ರಲ್ಲಿ 5 ಮಿ.ಮೀ., 10×25ರಲ್ಲಿ ಎರಡೂವರೆ.

ಈಗ ಕಣ್ಣಿನ ಕಡೆ ಬನ್ನಿ. ನಡುಹಗಲಲ್ಲಿ ನಮ್ಮ ಪಾಪೆ ಎರಡು ಮೂರು ಮಿ.ಮೀ.ಗೆ ಕುಗ್ಗಿರುತ್ತದೆ. ಆಗ ಎರಡೂವರೆ ಮಿ.ಮೀ. ಬಿಲ್ಲೆಯೇ ಸಾಕು, ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದರೆ 10×25 ಸೊಗಸಾಗಿಯೇ ಕಾಣುತ್ತದೆ. ಜನ ಮೋಸ ಹೋಗುವುದು ಈ ಕಾರಣಕ್ಕೇ. ಕತ್ತಲಾಗುತ್ತಿದ್ದಂತೆ ಪಾಪೆ ಅರಳುತ್ತದೆ: ಹದಿಹರೆಯದಲ್ಲಿ ಸುಮಾರು 7 ಮಿ.ಮೀ.ವರೆಗೆ, ಅರವತ್ತರ ಆಸುಪಾಸಿನಲ್ಲಿ 5ರವರೆಗೆ. 5 ಮಿ.ಮೀ. ಅರಳಿದ ಪಾಪೆಗೆ ಎರಡೂವರೆ ಮಿ.ಮೀ. ಬಿಲ್ಲೆ ಕೊಟ್ಟರೆ ಅದರ ಕಾಲುಭಾಗವಷ್ಟೇ ತುಂಬುತ್ತದೆ, ಏಕೆಂದರೆ ಲೆಕ್ಕಕ್ಕೆ ಬರುವುದು ಅಗಲದ ವರ್ಗ. ನೋಟದ ಹೊಳಪು ಬರಿಗಣ್ಣಿನ ಕಾಲುಭಾಗಕ್ಕೆ ಇಳಿಯುತ್ತದೆ. ಹಂದಿ ಬರುವ ಹೊತ್ತಿಗೆ ಸರಿಯಾಗಿ ದುರ್ಬೀನು ಕುರುಡಾಗುತ್ತದೆ. ಗಾಜನ್ನು ಹಿಗ್ಗಿಸದೆ ಪಟ್ಟು ಮಾತ್ರ ಹೆಚ್ಚಿಸುವುದೆಂದರೆ ಒಂದೇ ಚಮಚ ತುಪ್ಪವನ್ನು ಇನ್ನೂ ದೊಡ್ಡ ರೊಟ್ಟಿಗೆ ಸವರಿದ ಹಾಗೆ.

ಇದರ ಬೆನ್ನಿಗೇ ಇನ್ನೊಂದು ತಪ್ಪು ತಿಳಿವಳಿಕೆ ಇದೆ: ದೊಡ್ಡ ದುರ್ಬೀನು ಮಬ್ಬನ್ನು ಬೆಳಗಿಸುತ್ತದೆ ಎಂಬುದು. ಹೊಲ, ಬೇಲಿ, ಹಂದಿಯಂಥ ಮೈಯುಳ್ಳ ವಸ್ತುಗಳನ್ನು ಯಾವ ಗಾಜಿನ ದುರ್ಬೀನೂ ಬರಿಗಣ್ಣಿಗೆ ಕಾಣುವುದಕ್ಕಿಂತ ಹೊಳಪಾಗಿ ತೋರಿಸಲಾರದು. ಹಾಗಿದ್ದೂ 8×40ರಲ್ಲಿ ಮುಸ್ಸಂಜೆಯಲ್ಲಿ ಹೆಚ್ಚು ಕಾಣುತ್ತದಲ್ಲ, ಹೇಗೆ? ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಅಚ್ಚುಮೆಚ್ಚಿನ ಸಂಗತಿ ಇದು. ದುರ್ಬೀನು ಹೊಳಪನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡು ಬಿಂಬವನ್ನು ಕಣ್ಣಿನ ಪರದೆಯ ಮೇಲೆ ಹರವಾಗಿ ಬೀಳಿಸುತ್ತದೆ. ಬರಿಗಣ್ಣಿನಲ್ಲಿ ಆ ಪರದೆಯ ಮೇಲೆ ಬೆಳಕು ಗ್ರಹಿಸುವ ಕಡಿಮೆ ಕಣಗಳನ್ನು ಮುಟ್ಟುತ್ತಿದ್ದ ಹಂದಿಯ ಆಕಾರ ಈಗ ಹತ್ತಾರು ಪಟ್ಟು ಹೆಚ್ಚು ಕಣಗಳನ್ನು ಮುಟ್ಟುತ್ತದೆ. ಮಬ್ಬಿನಲ್ಲಿ ಕೆಲಸ ಮಾಡುವ ಕಣಗಳು ತಮಗೆ ಸಿಕ್ಕ ಚೂರುಪಾರು ಬೆಳಕನ್ನು ಕೂಡಿಸಿ ಮಿದುಳಿಗೆ ಕಳಿಸುತ್ತವೆ. ಹರವು ಹೆಚ್ಚಿದಷ್ಟೂ ಆಕಾರ ಗಟ್ಟಿಯಾಗುತ್ತದೆ. ಹಿಗ್ಗುವುದು ಬೇಕು, ಹೊಳಪೂ ಉಳಿಯಬೇಕು. ಎರಡೂ ಕೂಡಿಬರುವುದು ಬಿಲ್ಲೆ ಪಾಪೆಯಷ್ಟೇ ಅಗಲ ಇದ್ದಾಗ. ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ಪಳಗಿದವರು ಸಂಜೆಯಾದಂತೆ ಸ್ಕೋಪನ್ನು 9ರಿಂದ 5ಕ್ಕೋ 6ಕ್ಕೋ ಇಳಿಸುವುದು ಇದೇ ಲೆಕ್ಕದಿಂದ.

ಕೈ ನಡುಕವನ್ನೂ ಮರೆಯಬೇಡಿ. 8 ಪಟ್ಟು ಹಿಗ್ಗಿಸುವ ಗಾಜು ನಡುಕವನ್ನೂ 8 ಪಟ್ಟು ಹಿಗ್ಗಿಸುತ್ತದೆ. ಅಟ್ಟಣಿಗೆಯ ಮೇಲೆ ಕೂತು ಬರಿಗೈಯಲ್ಲಿ ಹಿಡಿಯುವುದಾದರೆ 7 ಅಥವಾ 8 ಪಟ್ಟು ಸಾಕು. 10ರ ಮೇಲೆ ಊರುಗೋಲು ಬೇಕು.

ಅಂಗಡಿಯಲ್ಲೇ ಮಾಡುವ ಪರೀಕ್ಷೆಗಳು

ಮೊದಲನೆಯದು ಅಳತೆಪಟ್ಟಿ. ಅಂಗೈಯಲ್ಲಿ ಅಡಗುವ ಪುಟ್ಟ ದುರ್ಬೀನಿನ ಮೇಲೆ 30×60 ಎಂದು ಅಚ್ಚಾಗಿರುವುದುಂಟು. ಮುಂದಿನ ಗಾಜನ್ನು ಅಳೆಯಿರಿ. ಕಣ್ಣಿಡುವ ಗಾಜಿನ ಹಿಂದೆ ತೆಳು ಕಾಗದ ಹಿಡಿದು ಹಿಂದೆಮುಂದೆ ಸರಿಸಿ, ಬಿಲ್ಲೆಯ ಅಂಚು ಚೊಕ್ಕವಾದಲ್ಲಿ ಅದನ್ನೂ ಅಳೆಯಿರಿ. ಗಾಜು 24 ಮಿ.ಮೀ., ಬಿಲ್ಲೆ 3 ಮಿ.ಮೀ. ಬಂದರೆ ಅದು ಹಿಗ್ಗಿಸುವುದು 8 ಪಟ್ಟು ಮಾತ್ರ, ಮೈಮೇಲೆ ಏನೇ ಬರೆದಿರಲಿ.

ಎರಡನೆಯದು ಲೇಪ. ಲೇಪವಿಲ್ಲದ ಗಾಜಿನ ಪ್ರತಿ ಮೇಲ್ಮೈಯೂ ಸುಮಾರು ನೂರಕ್ಕೆ 4 ಭಾಗ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ದುರ್ಬೀನಿನೊಳಗೆ ಹತ್ತು ಮೇಲ್ಮೈ ದಾಟುವಷ್ಟರಲ್ಲಿ ಮೂರರಲ್ಲೊಂದು ಪಾಲು ಬೆಳಕು ಹೋಗಿರುತ್ತದೆ. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಕಂಡುಹಿಡಿದ ತೆಳು ಲೇಪ ಈ ಸೋರಿಕೆಯನ್ನು ಕಟ್ಟಿಹಾಕಿತು. ಟ್ಯೂಬ್‌ಲೈಟಿನ ಕೆಳಗೆ ಗಾಜನ್ನು ಹೊರಳಿಸಿ. ಪ್ರತಿಬಿಂಬಗಳು ಮಂಕಾಗಿ ಹಸಿರು ಅಥವಾ ನೇರಳೆ ಛಾಯೆಯಲ್ಲಿದ್ದರೆ ಒಳ್ಳೆಯದು. ಬೆಳ್ಳಗೆ ಮಿಂಚಿದರೆ ಲೇಪವಿಲ್ಲ. ಕನ್ನಡಿಯಂತೆ ಕೆಂಪಗೆ ಹೊಳೆಯುವ ಗಾಜನ್ನು ಅಲ್ಲೇ ಬಿಡಿ. ಅದು ಕೆಂಪು ಬೆಳಕನ್ನೇ ಹೊರಗೆಸೆಯುತ್ತಿದೆ.

ಮೂರನೆಯದು ಒಳಗಿರುವ ಪಟ್ಟಕದ (ಪ್ರಿಸಂ) ಗುಣಮಟ್ಟ. ಬಿಲ್ಲೆ ದುಂಡಗಿರಬೇಕು. ಅಂಚು ಚೌಕಾಕಾರಕ್ಕೆ ತಿರುಗಿ ಮೂಲೆಗಳು ಕಪ್ಪಾಗಿದ್ದರೆ ಪಟ್ಟಕ ಕೆಳದರ್ಜೆಯದು. ಕಡಿಮೆ ಬೆಲೆಯಲ್ಲಿ ಭುಜ ಅಗಲವಾದ ಹಳೆಯ ಆಕಾರದ ದುರ್ಬೀನನ್ನೇ ಆರಿಸಿ. ಇಟಲಿಯ ಇಗ್ನಾಜಿಯೊ ಪೊರ್ರೊ 1854ರಲ್ಲಿ ಹಕ್ಕುಪತ್ರ ಪಡೆದ ಆ ಪಟ್ಟಕ ಜೋಡಣೆಯನ್ನು ಚೆನ್ನಾಗಿ ಮಾಡುವುದು ಅಗ್ಗ. ನೇರ ಕೊಳವೆಯ ಸಪೂರ ದುರ್ಬೀನನ್ನು ಚೆನ್ನಾಗಿ ಮಾಡುವುದು ದುಬಾರಿ. ನಿಕಾನ್ ಅಕ್ಯುಲಾನ್ 8×42, ಒಲಿಂಪಸ್ ಡಿಪಿಎಸ್ 8×40 ಈ ಜಾತಿಯವು. ಕೆಲವೇ ಸಾವಿರ ರೂಪಾಯಿಯ ಮಾತು.

ಕೊನೆಯದಾಗಿ, ದೂರದ ವಿದ್ಯುತ್ ಕಂಬವನ್ನು ಎರಡೂ ಕಣ್ಣಿನಿಂದ ಒಂದೆರಡು ನಿಮಿಷ ನೋಡಿ. ಕಂಬ ಎರಡಾಗಿ ಕಂಡರೆ, ಹಣೆ ನೋಯತೊಡಗಿದರೆ ಎರಡು ಕೊಳವೆಗಳ ನೇರ ತಪ್ಪಿದೆ. ಕನ್ನಡಕದವರು ಕನ್ನಡಕ ತೆಗೆಯದೆಯೇ ಪೂರ್ತಿ ವೃತ್ತ ಕಾಣುತ್ತದೆಯೇ ಎಂದು ಪರೀಕ್ಷಿಸಲಿ. ಸೂರ್ಯನ ಕಡೆಗೆ ಮಾತ್ರ ಎಂದೂ ತಿರುಗಿಸಬೇಡಿ. ಕಣ್ಣು ಶಾಶ್ವತವಾಗಿ ಹೋಗುತ್ತದೆ.

ಕಣ್ಣಿನ ತಯಾರಿ

ಪಾಪೆ ಬೇಗ ಅರಳುತ್ತದೆ. ಆದರೆ ಮಬ್ಬು ಕಾಣುವ ಕಣಗಳು ಪೂರ್ತಿ ಎಚ್ಚರಾಗಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ಬೆಳಗಿಸಿದರೆ ಗಳಿಸಿದ್ದೆಲ್ಲ ಹೋಯಿತು. ಆ ಕಣಗಳಿಗೆ ಕಡುಗೆಂಪು ತಟ್ಟುವುದೇ ಇಲ್ಲವೆನ್ನಬಹುದು, ಆದ್ದರಿಂದ ಟಾರ್ಚಿಗೆ ಕೆಂಪು ಹಾಳೆ ಸುತ್ತಿ. ಇನ್ನೊಂದು ಕೌಶಲ ಕಲಿಯಿರಿ: ಅನುಮಾನದ ಆಕಾರವನ್ನು ನೆಟ್ಟಗೆ ದಿಟ್ಟಿಸದೆ ಅದರ ತುಸು ಪಕ್ಕಕ್ಕೆ ನೋಡಿ. ದೃಷ್ಟಿಯ ನಟ್ಟನಡುವೆ ಆ ಕಣಗಳಿಲ್ಲ, ಸುತ್ತಲೂ ಇವೆ. ಅಮಾವಾಸ್ಯೆಯ ಕಗ್ಗತ್ತಲಲ್ಲಿ ಯಾವ ಗಾಜೂ ನೆರವಾಗದು. ದುರ್ಬೀನಿನ ಹೊತ್ತು ಮುಸ್ಸಂಜೆ, ನಸುಕು, ಬೆಳದಿಂಗಳು.

ಮುಂದಿನ ಓದು, ಮುಂದಿನ ಕೆಲಸ

ಹೇಳಿದ್ದರ ಸಾರ: 7 ಅಥವಾ 8 ಪಟ್ಟು, 40 ಮಿ.ಮೀ. ಅಥವಾ ತುಸು ಹೆಚ್ಚಿನ ಗಾಜು, ಕನಿಷ್ಠ 5 ಮಿ.ಮೀ. ಬಿಲ್ಲೆ, ಹಸಿರು ಅಥವಾ ನೇರಳೆ ಛಾಯೆಯ ಲೇಪ, ದುಂಡನೆಯ ಬಿಲ್ಲೆ. ಇಷ್ಟು ನೆನಪಿದ್ದರೆ ಅಂಗಡಿಯವರ ಮಾತಿಗೆ ಮರುಳಾಗಬೇಕಿಲ್ಲ.

ದುರ್ಬೀನು ಕೈಗೆ ಬಂದ ಮೇಲೆ ಒಂದು ನೋಟ್‌ಬುಕ್ಕೂ ಇಡಿ. ದಿನ, ಹೊತ್ತು, ಪ್ರಾಣಿ, ಎಷ್ಟು ತಲೆ, ಯಾವ ದಿಕ್ಕು ಎಂದು ಬರೆದಿಟ್ಟದ್ದು ಬೆಳೆಹಾನಿ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವಾಗ ನಿಮ್ಮ ಮಾತಿಗೆ ಬಲ ಕೊಡುತ್ತದೆ. ಜಗಳೂರಿನವರಿಗೆ ಇನ್ನೊಂದು ಕಾರಣವೂ ಇದೆ. ಅವರ ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಧಾಮವಾಯಿತು. ಗಂಡಿಗೆ ನಾಲ್ಕು ಕೊಂಬು, ಮುಂದಿನೆರಡು ತೀರ ಗಿಡ್ಡ. ಹೆಣ್ಣಿಗೆ ಕೊಂಬೇ ಇಲ್ಲ. ಬರಿಗಣ್ಣಿಗೆ ಕುರುಚಲಿನ ನಡುವೆ ಅದು ಯಾವುದೋ ಕುರಿಯಂತೆ ಮಾಯವಾಗುತ್ತದೆ. ಅದನ್ನು ಗುರುತು ಹಿಡಿದು ಬರೆದಿಡುವ ಪ್ರತಿ ರೈತನೂ ಆ ನಾಚಿಕೆಯ ಪ್ರಾಣಿಯ ಬಗ್ಗೆ ನಮ್ಮ ತಿಳಿವಳಿಕೆಗೆ ಒಂದು ಸಾಲು ಸೇರಿಸುತ್ತಾನೆ.

ಪ್ರೌಢಶಾಲೆಯ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಹತ್ತನೇ ತರಗತಿಯ ಬೆಳಕಿನ ಪಾಠಕ್ಕೆ ಒಂದು ದುರ್ಬೀನು, ಒಂದು ಅಳತೆಪಟ್ಟಿ, ಒಂದು ತೆಳು ಕಾಗದ ತನ್ನಿ. ಮಕ್ಕಳೇ ಬಿಲ್ಲೆ ಅಳೆಯಲಿ, ಭಾಗಿಸಲಿ, ಸಂಜೆ ಮೈದಾನದಲ್ಲಿ ನಿಂತು ಲೆಕ್ಕ ನಿಜವೇ ಎಂದು ನೋಡಲಿ. ಅಪ್ಪ ಅಮ್ಮ ಕಾವಲಿಗೆ ಹೋಗುವ ಮನೆಯ ಮಗುವಿಗೆ ಮಸೂರದ ಸೂತ್ರ ಯಾಕೆ ಬೇಕೆಂದು ಬೇರೆ ಯಾರೂ ಹೇಳಬೇಕಾಗುವುದಿಲ್ಲ. ಅಲ್ಲಿಂದ ಮುಂದೆ ಕಣ್ಣಿನ ರಚನೆ, ಬೆಳಕಿನ ಅಲೆ, ಪ್ರಾಣಿಗಳ ಇರುಳ ನಡೆ ಎಂದು ಓದುವುದು ಬಹಳಷ್ಟಿದೆ. ದಯವಿಟ್ಟು ಓದಿ, ಓದಿದ್ದನ್ನು ಹೊಲದಲ್ಲಿ ಪರೀಕ್ಷಿಸಿ.