ಹಾಸ್ಟೆಲ್ ಕಟ್ಟಿದ್ದು ಯಾರು?

ಕಳೆದ ವಾರ ಬೆಸಗರಹಳ್ಳಿಯಿಂದ ಒಬ್ಬರು ಫೋನ್ ಮಾಡಿದ್ರು. ರಿಟೈರ್ಡ್ ಮೇಷ್ಟ್ರು. ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿ ಓದ್ತಿದ್ದಾನೆ. "ಸಾರ್, ನಮ್ ಹೈದ ಅದೇನೋ ಫ್ರೆಟರ್ನಿಟಿ ಸೇರ್ಲಾ ಅಂತ ಕೇಳ್ತಾವ್ನೆ. ಲ್ಯಾಟಿನೋ ಹುಡುಗರದ್ದಂತೆ. ಬನೀನ್ ಮೇಲೆ ಗ್ರೀಕ್ ಅಕ್ಷರ ಬರೆಸ್ಕೊಂಡು ಓಡಾಡ್ತಾರಂತೆ. ಇದೇನು ಗ್ಯಾಂಗಾ, ಇಲ್ಲ ಯಾವುದಾದ್ರೂ ಧರ್ಮಕ್ಕೆ ಸೇರಿಸೋರಾ?" ಅಂತ ಕೇಳಿದ್ರು.

ಎರಡೂ ಅಲ್ಲ. ಆದರೆ ಒಂದು ಮಾತಲ್ಲಿ ಹೇಳೋಕೂ ಆಗಲ್ಲ. ಅದಕ್ಕೇ ಇವತ್ತು ಇದೇ ವಿಷಯ.

ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರದ ಸಂಘಗಳು ಶುರುವಾಗಿದ್ದು 1776ರಲ್ಲಿ, ವಿಲಿಯಂ ಅಂಡ್ ಮೇರಿ ಕಾಲೇಜಿನ ಫೈ ಬೀಟಾ ಕಪ್ಪಾದಿಂದ. ಆಮೇಲೆ ಬಂದ ಸಂಘಗಳು ಸ್ವಂತ ಮನೆ ಮಾಡಿದವು. ಅಲ್ಲೇ ವಾಸ, ಅಲ್ಲೇ ಊಟ, ಅಲ್ಲೇ ಗೆಳೆತನ. ಮುಂದೆ ಕೆಲಸ ಕೊಡಿಸೋ ಅಣ್ಣಂದಿರೂ ಅಲ್ಲೇ ಸಿಗ್ತಿದ್ರು. ಬಿಳಿಯರಲ್ಲದವರನ್ನ ಸೇರಿಸಬಾರದು ಅಂತ ಎಷ್ಟೋ ಸಂಘಗಳು ನಿಯಮದಲ್ಲೇ ಬರೆದುಕೊಂಡಿದ್ದವು. ಹೊರಗೆ ಉಳಿದವರು ಏನು ಮಾಡಬೇಕು? 1906ರ ಡಿಸೆಂಬರ್‌ನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ 7 ಜನ ಕಪ್ಪು ವಿದ್ಯಾರ್ಥಿಗಳು ತಮ್ಮದೇ ಆಲ್ಫಾ ಫೈ ಆಲ್ಫಾ ಕಟ್ಟಿಕೊಂಡರು. 1931ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ರೆನ್ಸಲಿಯರ್ ಕಾಲೇಜಿನಲ್ಲಿ ಲ್ಯಾಟಿನ್ ಅಮೆರಿಕದ ಹುಡುಗರ ಫೈ ಅಯೋಟಾ ಆಲ್ಫಾ ಹುಟ್ಟಿತು. ಅದು ಎಂಜಿನಿಯರಿಂಗ್ ಕಾಲೇಜು ಅನ್ನೋದು ನನಗೆ ಸ್ವಲ್ಪ ಹೆಮ್ಮೆ, ನಾನೂ ಆ ಜಾತಿಯವನೇ ಅಲ್ವಾ!

ಅಲ್ಲಿದ್ದವರಲ್ಲಿ ಹೆಚ್ಚಿನವರು ಓದೋಕೆ ಅಂತ ಬೇರೆ ದೇಶಗಳಿಂದ ಬಂದವರು. ಅಮೆರಿಕದಲ್ಲೇ ನೆಲೆಸಿದ ಕುಟುಂಬಗಳ ಮಕ್ಕಳ ಕಾಲ ಬಂದಿದ್ದು ಆಮೇಲೆ. 1975ರ ಡಿಸೆಂಬರ್ 1ರಂದು ನ್ಯೂಜೆರ್ಸಿಯ ಕೀನ್ ಕಾಲೇಜಿನಲ್ಲಿ 14 ಹುಡುಗರು ಸೇರಿ ಲ್ಯಾಂಬ್ಡಾ ಥೀಟಾ ಫೈ ಸ್ಥಾಪಿಸಿದರು. 1982ರಲ್ಲಿ ಕಾರ್ನೆಲ್, 1986ರಲ್ಲಿ ಅಯೋವಾ, ಹೀಗೆ ಇನ್ನೂ ಹಲವು ಸಂಘಗಳು ಬಂದವು. ಒಂದು ಕ್ಯಾಂಪಸ್ಸಿನ ಶಾಖೆಗೆ ಚಾಪ್ಟರ್ ಅಂತಾರೆ. ಮೊದಲನೆಯದು ಆಲ್ಫಾ, ಎರಡನೆಯದು ಬೀಟಾ. ಮೇಲಿಂದ ಯಾರೋ ಬಂದು ತೆರೆಯೋದಲ್ಲ ಅದು. ಒಂದು ಕಾಲೇಜಿನಲ್ಲಿ ಕೆಲವು ಹುಡುಗರು ಗುಂಪು ಕಟ್ಟಬೇಕು, ಕಾಲೇಜಿನ ಒಪ್ಪಿಗೆ ಪಡೀಬೇಕು, ಮೂಲ ಸಂಘದ ಮುಂದೆ ತಾವು ಯೋಗ್ಯರು ಅಂತ ತೋರಿಸಬೇಕು. ಆಮೇಲೆ ಸನ್ನದು. ಇವತ್ತು ಬೇರೆ ಮೂಲದವರನ್ನೂ ಸೇರಿಸಿಕೊಳ್ತಾರೆ, ಹಾಗಾಗಿ ಮೇಷ್ಟ್ರ ಮಗನಿಗೂ ಬಾಗಿಲು ತೆಗೆದಿದೆ. ಸೇರೋ ಮುಂಚೆ ಒಂದು ವಿಚಾರ ಮಾತ್ರ ಖಚಿತ ಮಾಡ್ಕೋಬೇಕು. ಅಮೆರಿಕದ ಫ್ರೆಟರ್ನಿಟಿಗಳಲ್ಲಿ ಹೊಸಬರನ್ನ ಹಿಂಸಿಸೋ ಕೆಟ್ಟ ಚಾಳಿ ಇದೆ, ನಮ್ಮ ರ‍್ಯಾಗಿಂಗ್ ಥರದ್ದೇ. ಜೀವಗಳು ಹೋಗಿವೆ.

ಇನ್ನು ನಮ್ಮ ಕಡೆಗೆ ಬರೋಣ. 1906 ಅಂದೆನಲ್ಲ, ಅದೇ ವರ್ಷ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿದ್ದು. ಅದರ ಹಿಂದಿನ ವರ್ಷ ಮೈಸೂರು ಲಿಂಗಾಯತ ವಿದ್ಯಾನಿಧಿ ಸಂಘ. ಯಾಕೆ ಆಗಲೇ?

ಆ ಕಾಲಕ್ಕೆ ಬೆಸಗರಹಳ್ಳಿಯ ಒಬ್ಬ ಒಕ್ಕಲಿಗರ ಹುಡುಗ ಕಾಲೇಜು ಓದಬೇಕು ಅಂತ ಹೊರಟ ಅಂದ್ಕೊಳ್ಳಿ. ಕಾಲೇಜು ಇರೋದು ಬೆಂಗಳೂರಲ್ಲಿ ಅಥವಾ ಮೈಸೂರಲ್ಲಿ. ಮದ್ದೂರಿನ ತನಕ ಗಾಡಿ, ಅಲ್ಲಿಂದ ರೈಲು. ರೈಲೇನೋ ಸಿಗ್ತು, ಕಾಲೇಜಲ್ಲಿ ಸೀಟೂ ಸಿಗ್ತು ಅಂತಾನೇ ಇಟ್ಕೊಳ್ಳಿ. ರಾತ್ರಿ ಊಟ ಎಲ್ಲಿ? ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅವಮಾನ ನುಂಗಿ ಉಣ್ಣೋ ಅನ್ನ, ನಿಜ. ಆದರೂ ಅದು ಓದು ಮುಗಿಸುವಷ್ಟು ಅನ್ನ. ಮಠ ಇರುವ ಕಡೆ ಲಿಂಗಾಯತ ಹುಡುಗನಿಗೆ ಪ್ರಸಾದ ಸಿಗಬಹುದಿತ್ತು. ಒಕ್ಕಲಿಗರ ಹುಡುಗ ಪೇಟೆಯಲ್ಲಿ ಯಾರ ಮನೆ ಬಾಗಿಲು ತಟ್ಟಬೇಕು? ಅವನ ನೆಂಟರೆಲ್ಲ ಹೊಲದಲ್ಲಿದ್ದಾರೆ. ಅದಕ್ಕೇ ಜಾತಿ ಸಂಘಗಳು ಪತ್ರಿಕೆ, ಅರ್ಜಿ, ನಿಯೋಗ ಅಂತ ಓಡಾಡಿದ್ದರ ಜೊತೆಗೆ ವಿದ್ಯಾರ್ಥಿ ನಿಲಯಗಳನ್ನೂ ಕಟ್ಟಿಸಿದವು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿ, ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡೋ ದಾರಿ ತೆರೆದರು. ಆದರೆ ಆ ಕೆಲಸಕ್ಕೆ ಅರ್ಜಿ ಹಾಕೋಕೆ ಓದಿದ ಹುಡುಗರು ಬೇಕಲ್ಲ? ಅವರನ್ನ ತಯಾರು ಮಾಡಿದ್ದು ಹಾಸ್ಟೆಲ್ಲಿನ ಅಡುಗೆಮನೆ.

ಹಾಗಾದ್ರೆ ನಮ್ಮ ಹಾಸ್ಟೆಲ್, ಅವರ ಫ್ರೆಟರ್ನಿಟಿ ಎರಡೂ ಒಂದೇನಾ? ಕಾರಣ ಒಂದೇ, ಕಟ್ಟಿದ ಕೈ ಬೇರೆ. ಕೀನ್ ಕಾಲೇಜಿನಲ್ಲಿ ಸಂಘ ಕಟ್ಟಿದವರು ವಿದ್ಯಾರ್ಥಿಗಳೇ. ಯಾರನ್ನ ಸೇರಿಸಬೇಕು, ದುಡ್ಡು ಹೇಗೆ ಖರ್ಚು ಮಾಡಬೇಕು, ಎಲ್ಲ ಅವರದೇ ತೀರ್ಮಾನ. ನಮ್ಮಲ್ಲಿ ಕಟ್ಟಿದವರು ದೊಡ್ಡವರು: ಅಧಿಕಾರಿಗಳು, ವಕೀಲರು, ಜಮೀನ್ದಾರರು, ಸ್ವಾಮೀಜಿಗಳು. ಹುಡುಗರು ಉಂಡರು, ಓದಿದರು, ಕೈ ಮುಗಿದರು. ಉಪಕಾರ ದೊಡ್ಡದು, ನಾನು ಇಲ್ಲ ಅನ್ನಲ್ಲ. ಒಕ್ಕಲಿಗರ ಸಂಘ ಇವತ್ತು ಮೆಡಿಕಲ್ ಕಾಲೇಜು, ಎಂಜಿನಿಯರಿಂಗ್ ಕಾಲೇಜು ನಡೆಸುತ್ತೆ. ಅದರ ಚುನಾವಣೆ ಬಂದ್ರೆ ನಾವು ಟಿವಿಯವರು ವಿಧಾನಸಭೆ ಎಲೆಕ್ಷನ್ ಥರ ಕವರ್ ಮಾಡ್ತೀವಿ. ಅಲ್ಲಿ ಸ್ಪರ್ಧಿಸೋರಲ್ಲಿ ಹಾಸ್ಟೆಲ್ ಹುಡುಗನನ್ನ ನೀವು ಯಾವಾಗಾದ್ರೂ ನೋಡಿದ್ದೀರಾ?

ಇನ್ನೊಂದು ವಿಷಯ. ಒಕ್ಕಲಿಗರ ಹುಡುಗನಿಗೆ ತೆರೆದ ಆ ಬಾಗಿಲು, ಅದೇ ಊರಿನ ಕೇರಿಯ ಹುಡುಗನಿಗೆ ತೆರೀಲಿಲ್ಲ. ಅವನಿಗಾಗಿ ಓಡಾಡಿದವರಲ್ಲಿ ಗೋಪಾಲಸ್ವಾಮಿ ಅಯ್ಯರ್ ಒಬ್ಬರು. ಬ್ರಾಹ್ಮಣರು, ಆದರೆ ದಲಿತ ಮಕ್ಕಳಿಗೆ ಹಾಸ್ಟೆಲ್ ಮಾಡಿದರು. ಅವರ ಹೆಸರಿನ ಹಾಸ್ಟೆಲ್ಲಿನಲ್ಲೇ ಕವಿ ಸಿದ್ಧಲಿಂಗಯ್ಯ ಇದ್ದಿದ್ದು. 'ಊರುಕೇರಿ'ಯಲ್ಲಿ ಅವರು ಆ ದಿನಗಳನ್ನ ಬರೆದಿದ್ದಾರೆ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ 'ಬೂಸಾ' ಅನ್ನೋ ಮಾತಿಗೆ ರಾಜ್ಯವೇ ಹೊತ್ತಿಕೊಂಡಾಗ, ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲ್‌ಗಳ ಮೇಲೆ ದಾಳಿಗಳಾದವು. ಏಟು ತಿಂದವರು ಒಟ್ಟಾದರು. ಮೇಷ್ಟ್ರುಗಳು, ಬರಹಗಾರರು, ಹಾಸ್ಟೆಲ್ ಹುಡುಗರು ಸೇರಿ ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮುಂದೆ ನಿಂತರು. ಊರೂರಿಗೆ ಶಾಖೆ ಆಯ್ತು. ಅದು ಫ್ರೆಟರ್ನಿಟಿ ಅಲ್ಲ, ಚಳವಳಿ. ಆದರೆ ಬಾಗಿಲು ಮುಚ್ಚಿಸಿಕೊಂಡ ಹುಡುಗರು ದೊಡ್ಡವರ ಕೈ ಕಾಯದೆ ತಾವೂ ಕಟ್ಟಿದ್ದು ಅಂತ ನಮ್ಮಲ್ಲಿ ಹುಡುಕಿದರೆ ನನಗೆ ಸಿಗೋದು ಅದೇ. ಕೀನ್ ಕಾಲೇಜಿನ ಆ 14 ಜನರೂ ಹೆಚ್ಚು ಕಮ್ಮಿ ಅದೇ ಕಾಲದವರು.

ಇಷ್ಟನ್ನೂ ಫೋನಿನಲ್ಲಿ ಮೇಷ್ಟ್ರಿಗೆ ಹೇಳಿದೆ. "ತಾವು ಓದಿದ್ದು ಎಲ್ಲಿ ಯಜಮಾನ್ರೇ?" ಅಂದೆ. "ಮೈಸೂರು. ನಮ್ಮೋರ ಹಾಸ್ಟೆಲ್ಲಲ್ಲೇ ಇದ್ದೆ. ಅದಿಲ್ಲದಿದ್ರೆ ನಾನು ಮೇಷ್ಟ್ರಾಗ್ತಿರಲಿಲ್ಲ" ಅಂದ್ರು. "ನಿಮ್ಮೂರ ಕೇರಿಯೋರು ಯಾರಾದ್ರೂ ಅಲ್ಲಿ ಇದ್ರಾ?" ಅಂತ ಕೇಳಿದೆ. ಲೈನ್ ಕಟ್ಟಾಯ್ತೇನೋ ಅನ್ನುವಷ್ಟು ಹೊತ್ತು ಸುಮ್ಮನಿದ್ರು.

"ಇಲ್ಲ ಸಾರ್. ಅವರಿಗೆ ಬೇರೆ ಇತ್ತು" ಅಂದ್ರು. ಆಮೇಲೆ ತಾವೇ ಮಾತು ಮುಂದುವರಿಸಿದ್ರು. "ನಮ್ ಹೈದ ಹೋದ ಭಾನುವಾರ ಆ ಲ್ಯಾಟಿನೋ ಹುಡುಗರ ಮನೇಲೇ ಊಟ ಮಾಡ್ದನಂತೆ. ಅನ್ನ, ಕಾಳು. ನಮ್ಮ ಕಾಳುಸಾರಿನ ಥರಾನೇ ಇತ್ತಂತೆ, ಖಾರ ಮಾತ್ರ ಕಮ್ಮಿಯಂತೆ."