ಅಜಂತೆಯಲ್ಲಿ ಪುಲಿಕೇಶಿಯನ್ನು ಹುಡುಕಿ

ಅಜಂತೆಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ನಮ್ಮ ಬಳಗದಲ್ಲಿ ಅನೇಕರಿಗೆ ಬಹುಕಾಲದಿಂದ ಇದ್ದಿತು. ಹೈದರಾಬಾದಿನಲ್ಲಿ ಮನೆ ಮಾಡಿಕೊಂಡು ಇಪ್ಪತ್ತು ಮೂವತ್ತು ವರ್ಷವಾದರೂ, ಮಂತ್ರಾಲಯಕ್ಕೋ ಶ್ರೀಶೈಲಕ್ಕೋ ಹೋಗಿ ಬಂದಷ್ಟು ಸುಲಭವಾಗಿ ಅತ್ತ ಕಾಲು ಹೋಗಿರಲಿಲ್ಲ. ಕಳೆದ ದಸರೆಯ ರಜೆಯಲ್ಲಿ ಐದು ಸಂಸಾರಗಳು ಕೂಡಿ, ಮಕ್ಕಳು ಮುದುಕರೆಲ್ಲ ಸೇರಿ ಹತ್ತೊಂಬತ್ತು ಜನ, ಅಂತೂ ಹೊರಟೆವು. ಕಲಬುರಗಿಯ ಕಡೆಯವರು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದರು. ಮೈಸೂರಿನ ಕಡೆಯವರು ಪುಳಿಯೋಗರೆ, ಕೋಡುಬಳೆ ತಂದಿದ್ದರು. ರೈಲಿನಲ್ಲಿ ಡಬ್ಬಿಗಳು ಅದಲುಬದಲಾಗಿ ಯಾರ ಬುತ್ತಿ ಯಾರ ಹೊಟ್ಟೆ ಸೇರಿತೆಂಬ ಲೆಕ್ಕವೇ ತಪ್ಪಿಹೋಯಿತು.

ಅಜಂತೆಗೂ ಹೈದರಾಬಾದಿಗೂ ಇರುವ ನಂಟನ್ನು ಇಂದಿನ ಮಕ್ಕಳಿಗೆ ಹೇಳಿದರೆ ಆಶ್ಚರ್ಯಪಡುತ್ತಾರೆ. 1956ರ ವರೆಗೆ ಈ ಗುಹೆಗಳು ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಎಂಟು ತೆಲುಗು ಜಿಲ್ಲೆ, ಐದು ಮರಾಠಿ ಜಿಲ್ಲೆ, ಮೂರು ಕನ್ನಡ ಜಿಲ್ಲೆಗಳ ಆ ರಾಜ್ಯದಲ್ಲಿ ಬೀದರು, ಕಲಬುರಗಿ, ರಾಯಚೂರುಗಳೂ ಅಜಂತೆಯ ಔರಂಗಾಬಾದೂ ಒಂದೇ ಆಡಳಿತದ ಕೆಳಗಿದ್ದವು. ಭಾಷಾವಾರು ವಿಂಗಡಣೆಯಾದಾಗ ಅವು ಒಂದೊಂದು ದಿಕ್ಕಿಗೆ ಹಂಚಿಹೋದವು. ಔರಂಗಾಬಾದು ಮೊದಲು ಮುಂಬಯಿ ರಾಜ್ಯಕ್ಕೂ 1960ರಲ್ಲಿ ಮಹಾರಾಷ್ಟ್ರಕ್ಕೂ ಸೇರಿತು. 2023ರಲ್ಲಿ ಅದಕ್ಕೆ ಛತ್ರಪತಿ ಸಂಭಾಜಿನಗರವೆಂಬ ಹೆಸರಾಯಿತು. ಅಲ್ಲಿಂದ ಅಜಂತೆಗೆ ಸುಮಾರು ನೂರು ಕಿಲೋಮೀಟರು. ಗುಹೆಗಳಿಗೆ ನಾಲ್ಕು ಕಿಲೋಮೀಟರು ಮೊದಲೇ ನಮ್ಮ ವಾಹನವನ್ನು ಬಿಟ್ಟು, ಅಲ್ಲಿಯ ಬಸ್ಸನ್ನೇ ಹತ್ತಬೇಕು. ಹೊಗೆಯಿಂದ ಚಿತ್ರಗಳಿಗೆ ಕೇಡಾಗದಿರಲೆಂದು ಮಾಡಿದ ಏರ್ಪಾಡಿದು. ಸೋಮವಾರ ಹೋದರೆ ಬಾಗಿಲು ಮುಚ್ಚಿರುತ್ತದೆಂಬುದನ್ನು ವಾಚಕರು ಮರೆಯಬಾರದು.

ನಮ್ಮೊಡನೆ ಬಂದವರಲ್ಲಿ ರಾಯಚೂರಿನ ಕಡೆಯ ನಿವೃತ್ತ ಮೇಷ್ಟರೊಬ್ಬರಿದ್ದರು. ಮೂವತ್ತು ವರ್ಷ ಚರಿತ್ರೆ ಕಲಿಸಿದವರು. ಅಜಂತೆಯ ಮೇಲೆ ಅವರಿಗೆ ವಿಶೇಷ ಮಮತೆ. ಅದಕ್ಕೆ ಕಾರಣ ಪುಲಿಕೇಶಿ. ಒಂದನೆಯ ಗುಹೆಯ ಗೋಡೆಯ ಮೇಲೆ ನಮ್ಮ ಇಮ್ಮಡಿ ಪುಲಿಕೇಶಿ ಪರ್ಷಿಯದ ದೊರೆಯ ರಾಯಭಾರಿಗಳನ್ನು ಬರಮಾಡಿಕೊಳ್ಳುತ್ತಿರುವ ಚಿತ್ರವಿದೆಯೆಂದು ನಾವೆಲ್ಲರೂ ಶಾಲೆಯಲ್ಲಿ ಓದಿದವರೇ. ಮೇಷ್ಟರು ರೈಲಿನಲ್ಲಿ ತಮ್ಮ ಹನ್ನೊಂದು ವರ್ಷದ ಮೊಮ್ಮಗಳಿಗೆ ನರ್ಮದೆಯ ತೀರದಲ್ಲಿ ಹರ್ಷ ಹಿಮ್ಮೆಟ್ಟಿದ ಕಥೆ, ಐಹೊಳೆಯಲ್ಲಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನದ ಕಥೆ, ಎಲ್ಲವನ್ನೂ ಹೇಳಿ ಮುಗಿಸಿದ್ದರು. ಉಳಿದದ್ದು ದರ್ಶನವೊಂದೇ.

ವಾಘೂರಾ ಎಂಬ ಚಿಕ್ಕ ಹೊಳೆ ಕುದುರೆಯ ಲಾಳದ ಆಕಾರದಲ್ಲಿ ತಿರುಗುವ ಕಡೆ, ಕಡಿದಾದ ಕರಿಕಲ್ಲಿನ ಬೆಟ್ಟದ ಮೈಯಲ್ಲಿ ಸಾಲಾಗಿ ಮೂವತ್ತು ಗುಹೆಗಳು. ದೂರದಿಂದ ನೋಡಿದರೆ ಬೆಟ್ಟಕ್ಕೆ ಯಾರೋ ಕಿಟಕಿಯಿಟ್ಟಂತೆ ಕಾಣುತ್ತದೆ. ಇವುಗಳಲ್ಲಿ ಐದು ಚೈತ್ಯಗಳು, ಎಂದರೆ ಸ್ತೂಪವಿಟ್ಟು ಪೂಜಿಸುವ ಮಂದಿರಗಳು. ಉಳಿದವು ವಿಹಾರಗಳು, ಭಿಕ್ಷುಗಳು ವಾಸಿಸುವ ಮಠಗಳು. ನಡುವೆ ಅಂಗಳ, ಸುತ್ತ ಒಬ್ಬಿಬ್ಬರು ಮಲಗುವಷ್ಟು ಕೋಣೆಗಳು, ಒಳಗೆ ಬುದ್ಧನ ಗರ್ಭಗುಡಿ. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಊರೂರು ಅಲೆಯದೆ ಒಂದೆಡೆ ನಿಲ್ಲಬೇಕೆಂಬ ನಿಯಮ ಬೌದ್ಧರಲ್ಲಿತ್ತು. ವ್ಯಾಪಾರದ ದಾರಿಗೆ ಹತ್ತಿರ, ಊರ ಗದ್ದಲಕ್ಕೆ ದೂರ, ಕಾಲಡಿಯಲ್ಲಿ ನೀರು. ಜಾಗವನ್ನು ಆರಿಸಿದವರ ಬುದ್ಧಿಯನ್ನು ಮೆಚ್ಚಬೇಕು.

ಅತ್ಯಂತ ಹಳೆಯದು ಹತ್ತನೆಯ ಗುಹೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ್ದು. 1819ರ ಏಪ್ರಿಲ್ 28ರಂದು ಮದರಾಸು ಸೈನ್ಯದ ಜಾನ್ ಸ್ಮಿತ್ ಎಂಬ ಅಧಿಕಾರಿ ಬೇಟೆಗೆಂದು ಬಂದು ಎದುರು ಗುಡ್ಡದಿಂದ ಇದರ ಕಮಾನನ್ನು ಕಂಡನು. ಒಳಗೆ ಹೋಗಿ ಕಂಬದ ಮೇಲೆ ತನ್ನ ಹೆಸರನ್ನೂ ದಿನಾಂಕವನ್ನೂ ಕೆತ್ತಿದನು. ಆ ಕೆತ್ತನೆ ಈಗ ನಮ್ಮ ತಲೆಗಿಂತ ಮೇಲಿದೆ, ಏಕೆಂದರೆ ಅವನು ನಿಂತಿದ್ದುದು ಶತಮಾನಗಳಿಂದ ತುಂಬಿಕೊಂಡಿದ್ದ ಮಣ್ಣಿನ ರಾಶಿಯ ಮೇಲೆ. ನಮ್ಮ ಹುಡುಗರಿಗೆ ಬುದ್ಧನಿಗಿಂತ ಈ ಸ್ಮಿತ್ತನೇ ಹಿಡಿಸಿದ. ಗೋಡೆಯ ಮೇಲೆ ಹೆಸರು ಬರೆಯುವ ನಮ್ಮವರ ಚಾಳಿ ಆ ದೊರೆಗೂ ಇತ್ತೆಂದು ಅವರಿಗೆ ಬಹಳ ಸಂತೋಷ!

ಇಷ್ಟೆಲ್ಲವನ್ನೂ ಹೇಗೆ ಕಡೆದರೆಂಬುದಕ್ಕೆ ಉತ್ತರ ಇಪ್ಪತ್ತನಾಲ್ಕನೆಯ ಗುಹೆಯಲ್ಲಿದೆ. ಅದು ಪೂರ್ತಿಯಾಗಲಿಲ್ಲ. ಮೇಲಿನಿಂದ ಕೆಳಕ್ಕೆ, ಮುಂದಿನಿಂದ ಹಿಂದಕ್ಕೆ ಕಲ್ಲನ್ನು ಬಿಡಿಸುತ್ತ ಹೋದ ಗುರುತು ಅಲ್ಲಿ ಹಾಗೆಯೇ ಉಳಿದಿದೆ. ಚಾವಣಿ ಮೊದಲು, ನೆಲ ಕೊನೆಗೆ. ನಾವು ಮನೆ ಕಟ್ಟುವ ಕ್ರಮಕ್ಕೆ ತೀರ ತಿರುವುಮುರುವು. ಒಂದು ಉಳಿಯೇಟು ಹೆಚ್ಚಾಗಿ ಬಿದ್ದು ಕಂಬ ಮುಕ್ಕಾದರೆ ಬೇರೆ ಕಂಬ ತಂದು ನಿಲ್ಲಿಸುವಂತಿಲ್ಲ.

ಇನ್ನು ಒಂದನೆಯ ಗುಹೆ. ಪಾದರಕ್ಷೆ ಕಳಚಿ ಒಳಗೆ ಕಾಲಿಟ್ಟರೆ ಮೊದಲು ಕತ್ತಲೆಯೇ. ಕಣ್ಣು ಹೊಂದಿಕೊಳ್ಳುತ್ತ ಬಂದಂತೆ ಗೋಡೆಗಳು ಒಂದೊಂದಾಗಿ ಎದ್ದು ಬರುತ್ತವೆ. ಗರ್ಭಗುಡಿಯ ಎಡಕ್ಕೆ ಕೈಯಲ್ಲಿ ತಾವರೆ ಹಿಡಿದ ಪದ್ಮಪಾಣಿ. ಬಾಗಿದ ಆ ರೆಪ್ಪೆಗಳನ್ನು ಕಂಡು ನಮ್ಮ ಹೆಂಗಸರು ಮಾತು ನಿಲ್ಲಿಸಿದರು. ಮೇಷ್ಟರಿಗೆ ಮಾತ್ರ ಅತ್ತ ಲಕ್ಷ್ಯವಿಲ್ಲ. ಬಾಗಿಲ ಬಲಕ್ಕಿರುವ ಮುಂಗೋಡೆಯ ಹತ್ತಿರ ಮೊಮ್ಮಗಳನ್ನು ಕರೆದುಕೊಂಡು ಹೋಗಿ ನಿಂತುಬಿಟ್ಟಿದ್ದರು. ಗೋಡೆ ಬಹಳ ಹಾಳಾಗಿದೆ. ಆದರೂ ಸಿಂಹಾಸನದ ಮೇಲಿನ ದೊರೆ, ಚೂಪು ಟೊಪ್ಪಿಗೆಯ, ಗಡ್ಡದ ಪರದೇಶದವರು, ಕಾಣಿಕೆ ನೀಡುವ ಕೈಗಳು ಕಾಣುತ್ತವೆ.

ಆಗ ನಮ್ಮ ತಂಡದಲ್ಲಿದ್ದ ಕಾಲೇಜು ಉಪನ್ಯಾಸಕಿಯೊಬ್ಬರು, ಹೇಳಲೋ ಬೇಡವೋ ಎಂದು ಅನುಮಾನಿಸುತ್ತಲೇ ವಿಷಯ ತೆಗೆದರು. ಇದು ಪುಲಿಕೇಶಿಯ ಚಿತ್ರವೆಂದು ಈಗಿನ ವಿದ್ವಾಂಸರಲ್ಲಿ ಬಹುಪಾಲಿನವರು ಒಪ್ಪುವುದಿಲ್ಲ.

ಸಂಗತಿ ಹೀಗಿದೆ. 1879ರಲ್ಲಿ ಜೇಮ್ಸ್ ಫರ್ಗುಸನ್ ಎಂಬ ಬ್ರಿಟಿಷ್ ವಿದ್ವಾಂಸನು ಈ ಗುರುತನ್ನು ಹೇಳಿದವನು. ತಬರಿ ಎಂಬ ಪ್ರಾಚೀನ ಚರಿತ್ರಕಾರನು ಅರಬ್ಬೀಯಲ್ಲಿ ಬರೆದ ಗ್ರಂಥದಲ್ಲಿ, ಭಾರತದ ಒಬ್ಬ ದೊರೆ ಪರ್ಷಿಯದ ಇಮ್ಮಡಿ ಖುಸ್ರುವಿಗೆ ಪತ್ರ, ಕಾಣಿಕೆಗಳನ್ನು ಕಳಿಸಿದ ಸುದ್ದಿಯಿದೆ. ಕಾಲ ಸುಮಾರು 625. ಆ ದೊರೆ ಪುಲಿಕೇಶಿಯೇ, ಪರ್ಷಿಯದಿಂದ ಮರುಕಾಣಿಕೆ ಬಂದುದೇ ಈ ಚಿತ್ರ ಎಂದು ಫರ್ಗುಸನ್ ಊಹಿಸಿದನು. ಊಹೆ ಸೊಗಸಾಗಿತ್ತು, ಪಠ್ಯಪುಸ್ತಕಗಳಿಗೆ ಹೋಗಿ ನೆಲಸಿತು. ಆದರೆ ತಬರಿ ಹೇಳುವುದು ಇಲ್ಲಿಂದ ಅಲ್ಲಿಗೆ ಹೋದ ಕಾಣಿಕೆಯನ್ನು. ಗೋಡೆಯ ಮೇಲಿರುವುದು ಅಲ್ಲಿಂದ ಇಲ್ಲಿಗೆ ಬಂದದ್ದು. ಅದಕ್ಕಿಂತ ದೊಡ್ಡ ತೊಡಕು ಕಾಲದ್ದು. ಹದಿನಾರನೆಯ ಗುಹೆಯ ಶಾಸನ ಅದನ್ನು ಕಡೆಸಿದವನು ವಾಕಾಟಕ ದೊರೆ ಹರಿಷೇಣನ ಮಂತ್ರಿ ವರಾಹದೇವನೆಂದು ಹೇಳುತ್ತದೆ. ಹರಿಷೇಣ ಐದನೆಯ ಶತಮಾನದವನು. ಒಂದನೆಯ ಗುಹೆಯೂ ಅವನ ಕಾಲದ್ದೇ ಎಂಬುದು ಅಜಂತೆಗಾಗಿ ತಮ್ಮ ಆಯುಷ್ಯವನ್ನೇ ಸವೆಸಿದ ಅಮೆರಿಕದ ವಾಲ್ಟರ್ ಸ್ಪಿಂಕ್ ಅವರ ನಿರ್ಣಯ. ಸ್ಪಿಂಕ್ ಅವರ ಒಂದೊಂದು ವರ್ಷದ ಲೆಕ್ಕವನ್ನು ಎಲ್ಲರೂ ಒಪ್ಪರು. ಐದನೆಯ ಶತಮಾನವೆಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ಪುಲಿಕೇಶಿ ಪಟ್ಟಕ್ಕೆ ಬಂದುದು ಸುಮಾರು 610ರಲ್ಲಿ. ನಡುವೆ ನೂರಮೂವತ್ತು ವರ್ಷಗಳ ಅಂತರ. ಸಿಂಹಾಸನದ ಮೇಲಿರುವವನು ಮಹಾಸುದರ್ಶನನೆಂಬ ಚಕ್ರವರ್ತಿ, ಬುದ್ಧನೇ ತನ್ನ ಹಿಂದಿನ ಜನ್ಮವೊಂದರಲ್ಲಿ ಆಗಿದ್ದವನು ಎಂದು ಈಗ ಹೇಳುತ್ತಾರೆ. ಪರದೇಶದ ವರ್ತಕರು ಆಗ ದಕ್ಷಿಣಾಪಥಕ್ಕೆ ಬಂದು ಹೋಗುತ್ತಿದ್ದುದರಿಂದ ಚಿತ್ರಕಾರನಿಗೆ ಅವರ ಉಡುಪು ಪರಿಚಿತವೇ.

ಕೇಳುತ್ತಿದ್ದ ನಮಗೆ ಮೇಷ್ಟರ ಮುಖ ನೋಡಲು ಸಂಕೋಚವಾಯಿತು. ನಮ್ಮಲ್ಲಿಯೇ ಒಬ್ಬರು, "ಕನ್ನಡದ ದೊರೆಯೆಂದರೆ ಸಾಕು, ಏನಾದರೂ ಕೊಂಕು ತೆಗೆಯುತ್ತಾರೆ," ಎಂದು ಗೊಣಗಿದರು. ಹುಡುಗಿ ಮಾತ್ರ ನೇರವಾಗಿ ಕೇಳಿದಳು: "ಅಜ್ಜಾ, ಹಂಗಾದ್ರ ಪುಲಿಕೇಶಿ ಇಲ್ಲಿ ಇಲ್ಲೇ ಇಲ್ಲೇನು?"

ಮೇಷ್ಟರು ಗೋಡೆಯನ್ನೇ ಸ್ವಲ್ಪ ಹೊತ್ತು ನೋಡಿದರು. "ಇಲ್ಲವ್ವಾ. ತಾರೀಖು ಕೂಡೂದಿಲ್ಲ. ತಾರೀಖು ಕೂಡದಿದ್ರ ಏನ್ ಮಾಡೂದು?" ಎಂದರು. ಸ್ವರದಲ್ಲಿ ಬೇಸರವಿತ್ತು, ಮುಚ್ಚಿಡಲಿಲ್ಲ. ಮೂವತ್ತು ವರ್ಷ ಕಲಿಸಿದ ಪಾಠವನ್ನು ಮೊಮ್ಮಗಳ ಎದುರಿಗೆ ಬಿಟ್ಟುಕೊಡುವುದು ಸುಲಭವಲ್ಲ. ಆ ದಿನ ಕಂಡ ಚಿತ್ರಗಳಷ್ಟೇ ನಮ್ಮ ಮನಸ್ಸಿನಲ್ಲಿ ಈ ಮಾತೂ ನಿಂತಿದೆ.

ಹೊರಗಿನ ಜಗಲಿಯಲ್ಲಿ ಕುಳಿತು ನೀರು ಕುಡಿಯುವಾಗ ಮಾತು ಚಿತ್ರಗಳ ಬಾಳಿಕೆಯತ್ತ ತಿರುಗಿತು. ಜೇಡಿಮಣ್ಣಿಗೆ ಭತ್ತದ ಹೊಟ್ಟು, ಹುಲ್ಲು, ಸೆಗಣಿ ಕಲಸಿ ಬಂಡೆಗೆ ಮೆತ್ತಿ, ಮೇಲೆ ತೆಳ್ಳಗೆ ಸುಣ್ಣ ಬಳಿದು, ಅದು ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣದಲ್ಲಿ ಬರೆದ ಚಿತ್ರಗಳಿವು. ನಮ್ಮ ಹಳ್ಳಿಯ ಮನೆಗೋಡೆಯ ಗಿಲಾವಿಗೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ! ಕೆಂಪು, ಹಳದಿ, ಹಸಿರುಗಳು ಮಣ್ಣು ಕಲ್ಲುಗಳಿಂದ ಬಂದವು, ಕಪ್ಪು ದೀಪದ ಕಾಡಿಗೆಯಿಂದ. ನೀಲಿಯನ್ನು ಮಾತ್ರ ಆಫ್ಘಾನಿಸ್ತಾನದ ಕಡೆಯ ರಾಜಾವರ್ತ ಕಲ್ಲನ್ನು ಅರೆದು ಮಾಡಿದರು. ಈ ಚಿತ್ರಗಳ ನಕಲು ತೆಗೆದವರ ಕಥೆ ದುಃಖದ್ದು. ರಾಬರ್ಟ್ ಗಿಲ್ ವರ್ಷಗಟ್ಟಲೆ ಇಲ್ಲಿದ್ದು ಬರೆದವುಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನಲ್ಲಿ ಸುಟ್ಟುಹೋದವು. ಮುಂಬಯಿಯ ಗ್ರಿಫಿತ್ಸ್ ತಮ್ಮ ಶಿಷ್ಯರೊಡನೆ ಬರೆದವುಗಳಲ್ಲಿಯೂ ಅನೇಕವು 1885ರಲ್ಲಿ ಅದೇ ಊರಿನಲ್ಲಿ ಬೆಂಕಿಗೆ ಬಿದ್ದವು. ಮೂರನೆಯ ಸಲ, 1909ರಿಂದ 1911ರ ನಡುವೆ, ಲೇಡಿ ಹೆರಿಂಗ್‌ಹ್ಯಾಮ್ ನಂದಲಾಲ ಬಸು ಮೊದಲಾದವರನ್ನು ಕೂಡಿಕೊಂಡು ಬಂದರು. ಆ ತರುಣರಲ್ಲಿ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಒಬ್ಬರು, ಹೈದರಾಬಾದಿನ ಸೈಯದ್ ಅಹ್ಮದ್ ಇನ್ನೊಬ್ಬರು. ಕನ್ನಡಿಗರಿಗೆ ಅಜಂತೆಯಲ್ಲಿ ಹೆಮ್ಮೆಪಡಲು ಏನೂ ಇಲ್ಲವೆಂದು ಗೊಣಗಿದ್ದವರಿಗೆ ಇದನ್ನು ಹೇಳಿ ಸಮಾಧಾನ ಮಾಡಿದೆವು.

1914ರಲ್ಲಿ ನಿಜಾಮರ ಸರಕಾರ ಪ್ರಾಚ್ಯವಸ್ತು ಇಲಾಖೆಯನ್ನು ತೆರೆದು ಗುಲಾಂ ಯಜ್ದಾನಿಯವರನ್ನು ಅದಕ್ಕೆ ನೇಮಿಸಿತು. ಬೀದರಿನ ಕೋಟೆ, ಮದ್ರಸಾಗಳ ಮೇಲೆ ಪ್ರಮಾಣಗ್ರಂಥ ಬರೆದವರೂ ಇವರೇ. ಇಟಲಿಯಿಂದ ಚೆಕ್ಕೋನಿ, ಓರ್ಸಿನಿ ಎಂಬಿಬ್ಬರು ತಜ್ಞರನ್ನು ಕರೆಸಿ, 1920ರಿಂದ 22ರ ವರೆಗೆ ಉದುರುತ್ತಿದ್ದ ಗಾರೆಯನ್ನು ಬಂಡೆಗೆ ಭದ್ರಮಾಡಿಸಿದರು. ಅವರು ಬಳಿದ ಅರಗಿನ ವಾರ್ನಿಷ್ ಕಾಲ ಕಳೆದಂತೆ ಹಳದಿಗಟ್ಟಿತು. ಅದನ್ನು ಬಿಡಿಸುವುದೇ ಆಮೇಲಿನವರಿಗೆ ದೊಡ್ಡ ಕೆಲಸವಾಯಿತು. ಆದರೂ ಅಂದು ಅವರು ಕೈಹಾಕದಿದ್ದರೆ ಇಂದು ನೋಡಲು ಇನ್ನೂ ಕಡಿಮೆ ಉಳಿದಿರುತ್ತಿತ್ತೆಂದೇ ನಮ್ಮ ಎಣಿಕೆ.

ಹದಿನೇಳನೆಯ ಗುಹೆಯಲ್ಲಿ ತಾಯಿ ಮಗ ಬುದ್ಧನ ಎದುರು ನಿಂತ ಚಿತ್ರವಿದೆ, ಯಶೋಧರೆ ಮತ್ತು ರಾಹುಲ. ಮನೆಬಿಟ್ಟ ಗಂಡ ಭಿಕ್ಷಾಪಾತ್ರೆ ಹಿಡಿದು ಬಾಗಿಲಿಗೆ ಬಂದಿದ್ದಾನೆ. ಬುದ್ಧನನ್ನು ಬಹಳ ಎತ್ತರವಾಗಿ, ಅವರಿಬ್ಬರನ್ನು ಪುಟ್ಟದಾಗಿ ಬರೆದಿದ್ದಾರೆ. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನೋಡಿಯೇ ತಿಳಿಯಬೇಕು.

ಕೊನೆಯಲ್ಲಿ ಇಪ್ಪತ್ತಾರನೆಯದು. ಎಡಗೋಡೆಯುದ್ದಕ್ಕೂ ಮಹಾಪರಿನಿರ್ವಾಣದ ಬುದ್ಧ, ಸುಮಾರು ಏಳು ಮೀಟರು, ಬಲಗೈಯನ್ನು ತಲೆದಿಂಬು ಮಾಡಿ ಮಲಗಿದ್ದಾನೆ. ಕೆಳಗೆ ಶಿಷ್ಯರ ಸಾಲು ಅಳುತ್ತಿದೆ. ಡೋಲಿಯಲ್ಲಿ ಅಲ್ಲಿಯ ವರೆಗೆ ಬಂದಿದ್ದ ನಮ್ಮ ಗುಂಪಿನ ಅಜ್ಜಿ ಅಲ್ಲಿಯೇ ಕಂಬಕ್ಕೊರಗಿ ಕುಳಿತರು. ಉಪನ್ಯಾಸಕಿ ಅಲ್ಲಿ ಇನ್ನೊಂದು ಕಥೆ ಹೇಳಿದರು. ಮೇಷ್ಟರಿಗೆ ಅದನ್ನು ಕೊಡಬೇಕೆಂದೇ ಅವರು ಕಾದಿದ್ದರೆಂದು ತೋರುತ್ತದೆ.

ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಸುಮಾರು 641ರಲ್ಲಿ ಪುಲಿಕೇಶಿಯ ರಾಜ್ಯಕ್ಕೆ ಬಂದನು. ಹರ್ಷನಿಗೆ ಮಣಿಯದ ದೊರೆ, ಮದಿಸಿದ ಆನೆಗಳ ಸೇನೆ, ಉಪಕಾರ ಮರೆಯದ ಪ್ರಜೆಗಳು, ಇವೆಲ್ಲವನ್ನೂ ಬರೆದ ಅದೇ ಅಧ್ಯಾಯದಲ್ಲಿ, ರಾಜ್ಯದ ಪೂರ್ವಕ್ಕೆ ಕತ್ತಲ ಕಣಿವೆಯಲ್ಲಿ ಬಂಡೆಗೆ ಕೊರೆದ ಒಂದು ಸಂಘಾರಾಮವಿದೆಯೆನ್ನುತ್ತಾನೆ. ಗೋಡೆಗಳ ಮೇಲೆ ಬುದ್ಧನ ಹಿಂದಿನ ಜನ್ಮಗಳ ಚಿತ್ರ. ಬಾಗಿಲಿನ ಎರಡು ಕಡೆ ಕಲ್ಲಿನ ಆನೆ. ಹದಿನಾರನೆಯ ಗುಹೆಯ ಬಾಗಿಲಲ್ಲಿ ಆ ಆನೆಗಳನ್ನು ನಾವು ಆಗತಾನೆ ಸವರಿ ಬಂದಿದ್ದೆವು. ಇದು ಅಜಂತೆಯೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಅದನ್ನು ಮಾಡಿಸಿದವನು ಅಚಲನೆಂಬ ಅರ್ಹಂತನಂತೆ. ಅವನ ತಾಯಿ ಸತ್ತು ಈ ನಾಡಿನಲ್ಲಿ ಹುಡುಗಿಯಾಗಿ ಹುಟ್ಟಿದ್ದಳು. ಅವನು ಭಿಕ್ಷೆಗೆ ಆ ಮನೆಗೆ ಬಂದಾಗ, ಅನ್ನ ನೀಡಲು ಬಂದ ಹುಡುಗಿಯ ಎದೆಯಲ್ಲಿ ಹಾಲು ಒಸರಿತು. ಮನೆಯವರು ಅಪಶಕುನವೆಂದರು, ಅವನು ಹಿಂದಿನ ಜನ್ಮದ ಸಂಬಂಧವನ್ನು ತಿಳಿಸಿದನು. ಹೆತ್ತವಳ ಋಣಕ್ಕೆಂದು ಈ ಮಠವನ್ನು ಕಟ್ಟಿಸಿದನೆಂದು ಯಾತ್ರಿಕನ ಬರಹ. ಕಥೆ ಕಥೆಯೇ ಇರಬಹುದು. ಆದರೆ ನಾವು ಕುಳಿತಿದ್ದ ಇದೇ ಗುಹೆಯ ಶಾಸನದಲ್ಲಿ, ಬುದ್ಧಭದ್ರನೆಂಬ ಭಿಕ್ಷು ಬರೆಸಿದ್ದರಲ್ಲಿ, ಸ್ಥವಿರ ಅಚಲನು ಬೆಟ್ಟದಲ್ಲಿ ಗುಹಾಲಯ ಮಾಡಿಸಿದನೆಂಬ ಮಾತಿದೆ. ಅವನನ್ನು ಕೃತಜ್ಞನೆಂದೂ ಕರೆದಿದೆ.

"ಅಂದ್ರ ಪುಲಿಕೇಶಿ ಕಾಲಕ್ಕ ಇದು ಆಗಲೇ ಹಳೇದು," ಎಂದರು ಮೇಷ್ಟರು. ಅಜ್ಜಿ, "ಹಾಲು ಒಸರಿತೆಂದರೆ ತಾಯಿಯೇ ಸರಿ, ಅದಕ್ಕೆ ಶಾಸನ ಬೇರೆ ಬೇಕೇ?" ಎಂದು ಎದ್ದರು. ಡೋಲಿಯವರು ಕಾಯುತ್ತಿದ್ದರು.

ಇಷ್ಟು ದೂರ ಹೋಗಲಾರದವರು ನಾಂಪಳ್ಳಿಯ ಪಬ್ಲಿಕ್ ಗಾರ್ಡನ್ನಿನ ಸ್ಟೇಟ್ ಮ್ಯೂಸಿಯಮ್ಮಿಗೆ ಹೋಗಬಹುದು. ಮಕ್ಕಳು ಅಲ್ಲಿಯ ಈಜಿಪ್ಟಿನ ಮಮ್ಮಿಯನ್ನು ನೋಡಿ ಹಾಗೆಯೇ ಹೊರಗೆ ಓಡಿಬರುತ್ತಾರೆ. ಅಜಂತೆಯ ಚಿತ್ರಗಳ ನಕಲುಗಳೂ ಅಲ್ಲಿಯೇ ಇವೆ. ನಾವು ಮರುದಿನ ಎಲ್ಲೋರಕ್ಕೆ ಹೋದೆವು. ಅಲ್ಲಿಯ ಕೈಲಾಸವನ್ನು ಕಡೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಅದರ ತಾರೀಖು ಕೂಡುತ್ತದೆಯೇ ಎಂದು ಮೊಮ್ಮಗಳು ಬಸ್ಸಿನಲ್ಲಿಯೇ ಕೇಳಿ ಖಾತ್ರಿಮಾಡಿಕೊಂಡಳು.