ಸ್ಟೆಪ್ನಿ ಹೇಳುವ ಸಾಕ್ಷಿ

ರುದ್ರಪಟ್ಟಣ: ಕಾವೇರಿ ದಂಡೆಯ ಈ ಊರಿನವರಿಗೆ ಶ್ರುತಿಯ ಪಾಠ ಯಾರೂ ಹೇಳಬೇಕಿಲ್ಲ. ತಂಬೂರಿ ಆಕಾರದ ಮಂದಿರವನ್ನೇ ಕಟ್ಟಿಕೊಂಡ ಊರು. ತಂತಿ ಕೂದಲೆಳೆಯಷ್ಟು ಇಳಿದರೂ ಹಿಡಿಯುವ ಕಿವಿಗಳು ಇಲ್ಲಿ ಬೇಕಾದಷ್ಟಿವೆ. ಆದರೆ ಬಣ್ಣಕ್ಕೂ ಒಂದು ಶ್ರುತಿ ಉಂಟು ಸ್ವಾಮಿ! ಅದು ತಪ್ಪಿದರೆ ದುಡ್ಡು ಸುರಿದು ರಿಪೇರಿ ಮಾಡಿಸಿದ ಹಳೆ ಕಾರು ಜರಿಪಂಚೆ ಉಟ್ಟ ಮದುಮಗ ಹವಾಯಿ ಚಪ್ಪಲಿ ಮೆಟ್ಟಿ ಬಂದಂತೆ ಕಾಣುತ್ತದೆ. ಮಾತು ಬಂದಿರುವುದು ಚಕ್ರದ ಬಣ್ಣದ ಬಗ್ಗೆ.

ಹಳೆ ಮನೆಯ ಕೊಟ್ಟಿಗೆಯಲ್ಲಿ ಕೋಳಿ ಕಾವು ಕೂರುತ್ತಿದ್ದ ಅಜ್ಜನ ಅಂಬಾಸಿಡರ್, ಫಿಯಟ್‌ಗಳಿಗೆ ಈಗ ಬೆಲೆ ಬಂದಿದೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಅಕ್ಷರ. 1975ರಲ್ಲಿ ಬಂದ ಮಾರ್ಕ್-3 ಅಂಬಾಸಿಡರ್ ಕೂಡ ಈ ವಯಸ್ಸಿಗೆ ಕಾಲಿಟ್ಟಿದೆ. ನಿಯಮ ಕೇಳುವುದು ಚಾಸಿ, ಬಾಡಿ, ಎಂಜಿನ್ನಿನ ಮಾತು ಮಾತ್ರ, ನಿಜ. ಆದರೆ ಕೊಳ್ಳಲು ಬಂದ ತಿಳಿದವನು ಮೊದಲು ಬಗ್ಗಿ ನೋಡುವುದು ಚಕ್ರವನ್ನೇ.

ಎಡವಟ್ಟಾಗುವುದೂ ಅಲ್ಲೇ. ಉತ್ಸಾಹದಲ್ಲಿ ಐದೂ ಚಕ್ರ ಬಿಚ್ಚಿ ಮರಳು ಹೊಡೆಸಲು ಕಳಿಸಿಬಿಡುತ್ತಾರೆ. ತುಕ್ಕು ಹೋಗುತ್ತದೆ, ಅದರ ಜೊತೆಗೆ ಕಾರ್ಖಾನೆಯ ಬಣ್ಣವೂ ಹೋಗುತ್ತದೆ. ಆಮೇಲೆ "ಮೊದಲು ಯಾವ ಬಣ್ಣ ಇತ್ತು?" ಅಂದರೆ ಅಜ್ಜಿ ಒಂದು ಹೇಳುತ್ತಾರೆ, ಮಾವ ಇನ್ನೊಂದು. ಮದುವೆ ಫೋಟೋ ಹುಡುಕಿದರೆ ಅದು ಕಪ್ಪು ಬಿಳುಪು!

ಹಾಗಾಗಿ ಮೊದಲು ಡಿಕ್ಕಿಯ ಸ್ಟೆಪ್ನಿ ನೋಡಬೇಕು. (ವೇಲ್ಸ್ ನಾಡಿನ ಲಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದ ಹೆಸರಂತೆ ಇದು, ನಮ್ಮ ಲಾರಿ ಕ್ಲೀನರ್ ಬಾಯಲ್ಲಿ ಅಚ್ಚಗನ್ನಡವೇ ಆಗಿಹೋಗಿದೆ.) ಬಿಸಿಲು ಕಾಣದ ಕಾರಣ ಅಲ್ಲಿ ಮೂಲ ಬಣ್ಣ ಉಳಿದಿರುವ ಸಂಭವ ಹೆಚ್ಚು. ಇಲ್ಲವೇ ಹಬ್ ಕ್ಯಾಪ್ ಒಳಗೆ, ಟಯರ್ ಬಿಚ್ಚಿದಾಗ ಟ್ಯೂಬಿನ ಅಡಿಯಲ್ಲಿ ಹುಡುಕಬೇಕು. ಹೊರಮೈ ನಂಬುವ ಹಾಗಿಲ್ಲ. ಬಿಸಿಲಿಗೆ ಕೆಂಪು ಮಾಸುತ್ತದೆ, ಬಿಳಿ ಎನಾಮಲ್ ಹಳದಿಗೆ ತಿರುಗುತ್ತದೆ, ಬ್ರೇಕಿನ ಧೂಳು ಕೂತು ಬೂದಿಯಾಗುತ್ತದೆ.

ಸಿಕ್ಕ ಬಣ್ಣ ಕಾರ್ಖಾನೆಯದೋ, ನಡುವೆ ಯಾರೋ ಬಳಿದದ್ದೋ? ಥಿನ್ನರ್ ಅದ್ದಿದ ಬಟ್ಟೆಯಿಂದ ಮೂಲೆಯಲ್ಲಿ ಉಜ್ಜಿದರೆ ಗುಟ್ಟು ಹೊರಬೀಳುತ್ತದೆ. ಬಣ್ಣ ಬಟ್ಟೆಗೆ ಹತ್ತಿದರೆ ಅದು ಎನ್.ಸಿ. ಲ್ಯಾಕರ್. ಸುಕ್ಕುಗಟ್ಟಿ ಎದ್ದರೆ ತಣ್ಣಗೆ ಒಣಗಿಸಿದ ಸಿಂಥೆಟಿಕ್. ಜಗ್ಗದೆ ಕೂತರೆ ಒಲೆಯಲ್ಲಿ ಕಾಯಿಸಿದ ಎನಾಮಲ್ ಇರಬಹುದು, ಅಂದರೆ ಕಾರ್ಖಾನೆಯದೇ ಎನ್ನಲು ಆಧಾರ. ನೀರು ಹಾಕಿ ನಯ ಎಮರಿಯಲ್ಲಿ ನಿಧಾನ ತಿಕ್ಕಿದರೆ ಮರದ ಉಂಗುರದ ಹಾಗೆ ಒಂದೊಂದೇ ಪದರ ತೆರೆದುಕೊಂಡು, ಕೊನೆಗೆ ಪ್ರೈಮರ್ ಕಾಣುತ್ತದೆ. ಪ್ರೈಮರಿಗೆ ತಾಗಿದ ಪದರವೇ ನಮಗೆ ಬೇಕಾದದ್ದು.

ಆ ಜಾಗವನ್ನು ರಬ್ಬಿಂಗ್ ಕಾಂಪೌಂಡಿನಲ್ಲಿ ಹೊಳಪೇರಿಸಿ, ಚಕ್ರವನ್ನೇ ಹಾಸನದ ಪೇಂಟ್ ಅಂಗಡಿಗೆ ಹೊತ್ತೊಯ್ಯುವುದು ವಾಸಿ. ಮೊಬೈಲಿನ ಫೋಟೋ ತೋರಿಸಿ ಬಣ್ಣ ಕೇಳುವವರಿದ್ದಾರೆ. ಅದು ಫೋನಿನಲ್ಲಿ ಸಾರಿನ ರುಚಿ ಕೇಳಿದ ಹಾಗೆ. ಯಂತ್ರವಿದ್ದರೆ ಅದು ಅಳತೆ ಹೇಳುತ್ತದೆ, ಆದರೂ ಕೊನೆ ಮಾತು ಕಣ್ಣಿನದೇ. ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿದ ಎರಡು ಬಣ್ಣ ಹಗಲಿಗೆ ಬಂದೊಡನೆ ಬೇರೆಯಾಗಬಹುದು. ಒದ್ದೆಯಲ್ಲಿ ಕಂಡದ್ದು ಒಣಗಿದ ಮೇಲೆ ಗಾಢವಾಗಬಹುದು. ಬೆಳ್ಳಿ ಬಣ್ಣವಂತೂ ಪೇಂಟರಿಗೆ ಪರೀಕ್ಷೆಯೇ ಸರಿ: ಗನ್ ಹತ್ತಿರ ಹಿಡಿದು ಒದ್ದೆಯಾಗಿ ಹೊಡೆದರೆ ಗಾಢ, ದೂರದಿಂದ ಒಣಗಾಗಿ ಹೊಡೆದರೆ ತಿಳಿ. ಡಬ್ಬ ಒಂದೇ, ಚಕ್ರ ಮಾತ್ರ ನಾಲ್ಕು ಬಗೆ.

ಆದ್ದರಿಂದ ಮೊದಲು ತಗಡಿನ ತುಂಡಿಗೆ ಹೊಡೆಸಿ, ಪೂರಾ ಒಣಗಲು ಬಿಟ್ಟು, ಬೆಳಗಿನ ಹೊತ್ತು ನೆರಳಲ್ಲಿ ಸ್ಟೆಪ್ನಿಯ ಪಕ್ಕ ಇಟ್ಟು ನೋಡಬೇಕು. ಒಪ್ಪಿದರೆ ನಾಲ್ಕು ಚಕ್ರಕ್ಕೆ ಮರಳು ಹೊಡೆಸಲಿ. ಐದನೆಯದನ್ನು ಮಾತ್ರ, ಪೇಂಟರ್ ಎಷ್ಟೇ ಒತ್ತಾಯ ಮಾಡಿದರೂ, ಹಾಗೇ ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದು. ಬಣ್ಣ ಬೆರೆಸಿದ ಅಳತೆಯನ್ನು ಡಬ್ಬದ ಮುಚ್ಚಳದ ಮೇಲೆ ಬರೆಸಿಕೊಳ್ಳಲಿ. ಹಳ್ಳಿ ರಸ್ತೆಯ ಜಲ್ಲಿಗೆ ಮೊದಲ ಚಕ್ಕೆ ಏಳಲು ವಾರವೂ ಬೇಕಿಲ್ಲ.